ಅಪ್ಪ ತಿಂದ ಮೊದಲ ಚಮಚ

ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ ಬಿದ್ದರೆ ಸಾಕು, ಆ ಸೊಗಡು ಮೂಗಿಗೆ ಬಡಿದು ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ನಗರದಂಚಿನ ಉಲ್ಲಾಳದ ನಮ್ಮ ಹಳೆ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಅಪ್ಪ ಅಲ್ಲಿ ಕೂತು, ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿ ಬೇಳೆ ಹಾರಿಸುತ್ತಿದ್ದ. ಅದು ನನ್ನ ಕೆನ್ನೆಗೆ ತಗುಲಿದರೆ "ನನ್ ಗುರಿ ನೋಡಿದ್ಯೇನೇ!" ಎಂದು ನಗುತ್ತಿದ್ದ. ನಾನೋ, ಸಿಪ್ಪೆ ಸಿಕ್ಕರೆ ಉಗಿಯುವ ಹಟಮಾರಿ. ನನಗೋಸ್ಕರ ಪಾತ್ರೆಗಟ್ಟಲೆ ಹಿತಕುತ್ತಿದ್ದ.

ನನಗೆ ಏಳು ತುಂಬುವಷ್ಟರಲ್ಲಿ ಅಮ್ಮ ನನ್ನನ್ನು ಕರೆದುಕೊಂಡು ಚಂದ್ರಾ ಲೇಔಟಿನ ತವರಿಗೆ ಬಂದಳು. ನಾನು ಯಾರ ಬಳಿ ಇರಬೇಕೆಂದು ಕೇಸು ನಡೆಯಿತು. ಪ್ರತಿ ಶನಿವಾರ ಒಂದು ಗಂಟೆ ಹೊತ್ತು, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಅಪ್ಪ ನನ್ನನ್ನು ನೋಡಬಹುದಿತ್ತು. ಹೊರಡುವ ಮುಂಚೆ ಅಮ್ಮ ಜಡೆ ಹೆಣೆಯುತ್ತಾ ಹೇಳುತ್ತಿದ್ದಳು: "ಅವ್ರು ಏನ್ ಕೊಟ್ರೂ ಬಾಯಿಗಿಡ್ಬೇಡ ಕಣೇ. ಮದ್ದು ಹಾಕಿರ್ತಾರೆ. ತಿಂದ್ರೆ ಅಮ್ಮನ್ನೇ ಮರ್ತುಬಿಡ್ತೀಯ."

ನಂಬಿದೆ. ಅಮ್ಮನನ್ನು ಮರೆಯುವುದೆಂದರೆ ಸಾಮಾನ್ಯವೇ?

ಮೊದಲ ಶನಿವಾರ ಅಪ್ಪ ಸ್ಟೀಲ್ ಡಬ್ಬಿ ತೆರೆದ. ಅನ್ನ, ಹಿತಕಬೇಳೆ ಸಾರು. ನಾನು ಗೋಡೆ ನೋಡುತ್ತಾ ಕೂತೆ.

"ಯಾಕವ್ವಾ, ಹಸಿವಿಲ್ವಾ?"

"ನೀನು ಮದ್ದು ಹಾಕಿದೀಯ" ಅಂದೆ.

ಅಪ್ಪನ ಮುಖ ಬಾಡಿಹೋಯಿತು. ಬೈಯಲಿಲ್ಲ. ಒಂದು ಚಮಚ ತಾನೇ ತಿಂದು, "ನೋಡು ಚಿನ್ನಾ, ಏನೂ ಇಲ್ಲ" ಅಂದ. ಅಲ್ಲಿಂದಾಚೆ ಪ್ರತಿ ಶನಿವಾರವೂ ಮೊದಲ ಚಮಚ ಅಪ್ಪನದೇ. ನಾನು ಒಂದಗುಳೂ ಮುಟ್ಟಲಿಲ್ಲ. ಎಂಥ ಕಲ್ಲು ಹುಡುಗಿ ನಾನು! ಜಡ್ಜ್ ಹತ್ತಿರ ಕೂರಿಸಿಕೊಂಡು ಕೇಳಿದಾಗಲೂ "ಅಪ್ಪ ಬೇಡ" ಅಂದುಬಿಟ್ಟೆ. ಹೊರಗೆ ಬಂದ ಅಪ್ಪ ತನ್ನ ವಕೀಲರಿಗೆ, "ಮಗು ಹೆದರ್ಕೊತದೆ, ಬಿಡಿ ಸಾರ್" ಅಂದದ್ದು ಕಿವಿಗೆ ಬಿತ್ತು. ಮುಂದಿನ ಶನಿವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ.

ಅಮ್ಮ ಕೆಟ್ಟವಳಲ್ಲ. ನಾನೂ ಕೈಬಿಟ್ಟರೆ ತನಗಿನ್ನಾರು ಎಂಬ ಹೆದರಿಕೆ ಅವಳದು. ಈಗಲೂ ಅವಳ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಗೆ ಅಯ್ಯೋ ಪಾಪ ಅನ್ನಿಸುತ್ತದೆ.

ಉಲ್ಲಾಳಕ್ಕೆ ಹುಡುಕಿಕೊಂಡು ಹೋಗುವ ಧೈರ್ಯ ಬರುವ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಜಗಲಿ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಗೇಟು. ಎದುರಿನ ಅಂಗಡಿಯ ಆಂಟಿ ಮುಖಚಹರೆಯಿಂದಲೇ ನನ್ನ ಗುರುತು ಹಿಡಿದರು. "ಪ್ರತಿ ವರ್ಷ ಹಿತಕಿ ಇಡ್ತಿದ್ರು ಕಣಮ್ಮ, ಮಗಳು ಬಂದ್ರೂ ಬರ್ಬೋದು ಅಂತ" ಅಂದರು.

ಈ ಸಲ ನಾನೇ ಎರಡು ಕೆಜಿ ಅವರೆಕಾಯಿ ತಂದು, ಹಿತಕಿ, ಸಾರು ಮಾಡಿದೆ. ಮೊದಲ ಚಮಚ ಅಪ್ಪನಿಗೆಂದು ಬಾಳೆಲೆಯ ಚೂರಿನ ಮೇಲೆ ತೆಗೆದಿಟ್ಟೆ. ಎರಡನೆಯದನ್ನು ನಾನು ಬಾಯಿಗಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು.

"ನಂಗೂ ಒಂಚೂರು ಹಾಕೇ" ಅಂದಳು.