ಘಟ್ಟಕ್ಕೆಂದು ಉಳಿಸಿದ ಗಾಳಿ

ನೆದರ್ಲೆಂಡ್ಸ್‌ನ ಆಲ್ಮೆರೆಯ ನಮ್ಮ ಮನೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇಲ್ಲಿ ನನ್ನ ಗಂಡ ಹತ್ತುವ ಅತಿ ದೊಡ್ಡ ಏರು ಎಂದರೆ ಸ್ಟೇಷನ್ ದಾರಿಯ ಸೈಕಲ್ ಸೇತುವೆ. ಆದರೂ ದಿನಾ ಎದುರುಗಾಳಿಗೆ ಸೈಕಲ್ ತುಳಿಯುವವನಿಗೆ ಲಡಾಖ್ ಯಾವ ಲೆಕ್ಕ ಎಂಬ ಜಂಬ ಅವನದು. ರಜೆಗೆ ಹೋದವರು ಲೇಹ್‌ನಲ್ಲಿ ಇಳಿದ ಮರುದಿನವೇ ಬಾಡಿಗೆ ಕಾರು ಮಾಡಿಕೊಂಡು ಇನ್ನೂ ಮೇಲಿನ ಸರೋವರಕ್ಕೆ ಹೊರಟೆವು.

ಅಲ್ಲಿ ಅವನಿಗೆ ತಲೆನೋವು ಶುರುವಾಯಿತು. ಆಲ್ಮೆರೆಯ ಹೌಸಾರ್ಟ್ಸ್, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರು, ಏನೇ ಆದರೂ ಹೇಳುವುದು ಒಂದೇ ಮಾತು: ಪ್ಯಾರಾಸಿಟಮಾಲ್ ತಗೊಳ್ಳಿ, ಕಾದು ನೋಡಿ. ಅದಕ್ಕಾಗಿ ಅವರನ್ನು ವರ್ಷಗಟ್ಟಲೆ ಬೈದವನೇ ಮಾತ್ರೆ ನುಂಗಿ, "ನೋಡೋಣ ಕಣೇ," ಎಂದು ಮಲಗಿಬಿಟ್ಟ. ಬೆಳಗ್ಗೆ ಬಾಗಿಲವರೆಗೂ ನೆಟ್ಟಗೆ ನಡೆಯಲಾಗಲಿಲ್ಲ. ಉಸಿರೆಳೆದರೆ ಎದೆಯಲ್ಲಿ ಗೊರಗೊರ. ತುಟಿ ನೀಲಿ.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೇ ನನ್ನ ತಲೆ ಓಡುವುದು.

ಹೋಟೆಲಿನಲ್ಲಿದ್ದದ್ದು ಒಂದೇ ಸಣ್ಣ ಆಕ್ಸಿಜನ್ ಸಿಲಿಂಡರ್. ಅದನ್ನು ಹಾಕಿಕೊಂಡು ಇಲ್ಲೇ ಮಲಗ್ತೀನಿ ಅಂದ. ಅದು ಖಾಲಿಯಾದ ಮೇಲೆ? ಎತ್ತರದ ತೆಳುಗಾಳಿಯಿಂದ ಬರುವ ಈ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದು. ಆದರೆ ಲೇಹ್‌ಗೆ ಇಳಿಯಬೇಕೆಂದರೂ ಮೊದಲು ಇನ್ನೂ ಎತ್ತರದ ಘಟ್ಟ ದಾಟಬೇಕಿತ್ತು. ಡ್ರೈವರ್ ಜೊತೆ ಸೇರಿ ಅವನನ್ನು ಎತ್ತಿ ಕಾರಿನಲ್ಲಿ ಕೂರಿಸಿದೆ. ಸಿಲಿಂಡರ್ ನನ್ನ ತೊಡೆಯ ಮೇಲೆ, ಅದರ ತಿರುಪು ನನ್ನ ಕೈಯಲ್ಲಿ. ಉಸಿರು ನಿಲ್ಲದಷ್ಟು ಮಾತ್ರ ಬಿಟ್ಟೆ.

"ಸ್ವಲ್ಪ ಜಾಸ್ತಿ ಬಿಡೇ. ಆಗ್ತಿಲ್ಲ."

"ಇಲ್ಲ. ಘಟ್ಟಕ್ಕೆ ಬೇಕು."

"ಪ್ಲೀಸ್ ಕಣೇ."

"ಇಲ್ಲ ಅಂದ್ನಲ್ಲ!"

ತಿರುಪಿಗೆ ತಾನೇ ಕೈ ಹಾಕಿದ. ನಾನು ಅವನ ಎರಡೂ ಮಣಿಕಟ್ಟನ್ನು ಒಂದೇ ಕೈಯಲ್ಲಿ ಹಿಡಿದೆ. ಬಿಡಿಸಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಮದುವೆಯಾದಾಗಿನಿಂದ ನಾನು ಅಷ್ಟು ಹೆದರಿದ್ದು ಆಗಲೇ. ಆದರೂ ಕೈ ಸಡಿಲಿಸಲಿಲ್ಲ. ಅವನು ಮಾತು ನಿಲ್ಲಿಸಿ ಕಣ್ಣು ಮುಚ್ಚಿದ. ಕೊನೆಯ ಏರು ಬಂದಾಗ ಪೂರ್ತಿ ತಿರುಗಿಸಿದೆ. ಕಾರು ಘಟ್ಟ ದಾಟಿತು. ಇಳಿಜಾರಿನ ಅರ್ಧದಲ್ಲಿ ಸಿಲಿಂಡರ್ ಖಾಲಿಯಾಯಿತು, ಆದರೆ ಅಷ್ಟರಲ್ಲಿ ಅವನು ಕಣ್ಣು ಬಿಟ್ಟಿದ್ದ. ಲೇಹ್ ಆಸ್ಪತ್ರೆ ಸೇರಿದ ಮೇಲೆ ಮೊದಲು ಕೇಳಿದ್ದು ಕಾಫಿ.

ಈಗ ಆಲ್ಮೆರೆಯಲ್ಲಿ ಯಾರಾದರೂ ಊಟಕ್ಕೆ ಬಂದರೆ ಅವನಿಗೆ ಇದೇ ತಮಾಷೆ. "ಗಾಳಿಗೂ ರೇಷನ್ ಹಾಕಿದ್ಲು ನಮ್ಮನೆಯವಳು!" ಎಲ್ಲರೂ ನಗುತ್ತಾರೆ. ನಾನು ಸಾರು ಬಿಸಿಮಾಡುವ ನೆಪದಲ್ಲಿ ಏಳುತ್ತೇನೆ. ಅವತ್ತು ಅವನು ಕಣ್ಣು ಬಿಡದೇ ಹೋಗಿದ್ದರೆ, ಅವನು ನನ್ನ ಬಾಯಿಂದ ಕೇಳಿದ ಕೊನೆಯ ಮಾತು 'ಇಲ್ಲ' ಆಗಿರುತ್ತಿತ್ತು. ಮತ್ತೆ ಅಂಥ ಗಳಿಗೆ ಬಂದರೂ ಅದನ್ನೇ ಹೇಳುತ್ತೇನೆ.