ಎರಡು ಡಬ್ಬಿ, ಒಂದೇ ನೇರಳೆ

ನಮ್ಮ ಪ್ರೆಸ್ಸಿನ ಡಿಸೈನರ್‌ಗೆ ನಾವಿಟ್ಟ ಹೆಸರು ಸಿಎಂವೈಕೆ ಅಕ್ಕ. ಹೊಸ ಫೈಲ್ ತೆರೆದರೆ, ಒಂದು ಗೆರೆ ಎಳೆಯುವ ಮೊದಲೇ ಅದನ್ನು ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಿಸುವುದು ಆಕೆಯ ನೇಮ. "ಪರದೆ ಬೆಳಕಲ್ಲಿ ಬಣ್ಣ ತೋರ್ಸತ್ತೆ, ನಮ್ದು ಶಾಯಿ. ಎರಡಕ್ಕೂ ಎಣ್ಣೆ ಸೀಗೆಕಾಯಿ!" ಮೆಷಿನ್ ನಡೆಸುವ ನನಗಂತೂ ಈ ಪಾಠ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಅಂಥ ಅಕ್ಕ ಒಂದು ಸಲ ನೇಮ ಮುರಿದಳು. ಜ್ವರದ ಔಷಧಿಯ ಡಬ್ಬಿಗಳ ಕೆಲಸ ಬಂದಿತ್ತು. ಮಕ್ಕಳದ್ದು ಮಿಂಚುವ ನೀಲಿ, ದೊಡ್ಡವರದ್ದು ನೇರಳೆ. ಪರದೆಯ ಮೇಲಿನ ನೀಲಿ ಕಂಡು ಗಿರಾಕಿ ಕುಣಿದಾಡಿಬಿಟ್ಟ. ಸಿಎಂವೈಕೆಗೆ ಹಾಕಿದರೆ ಆ ಕಳೆ ಇಳಿಯುತ್ತದೆ, ಅವನ ಮುಖ ಗಂಟಾಗುತ್ತದೆ. "ಹಾಗೇ ಇರ್ಲಿ ಬಿಡಮ್ಮ, ಅಚ್ಚಿನ ಪ್ಲೇಟ್ ಮಾಡೋವಾಗ ಸಾಫ್ಟ್‌ವೇರೇ ಬದಲಾಯಿಸ್ಕೊಳ್ಳತ್ತೆ," ಎಂದರು ಯಜಮಾನರು. ಅಕ್ಕ ಹೂಂ ಅಂದಳು. ಪರೀಕ್ಷೆಗೊಂದು ಹಾಳೆ ತೆಗೆಯಲೂ ಯಜಮಾನರು ಪುರುಸೊತ್ತು ಕೊಡಲಿಲ್ಲ.

ಮೆಷಿನ್ನಿನಿಂದ ಮೊದಲ ಹಾಳೆ ಎಳೆದು ನೋಡಿದೆ. ನೀಲಿಯೇ ಇಲ್ಲ! ಅಕ್ಕಪಕ್ಕ ಎರಡೂ ಡಬ್ಬಿ ನೇರಳೆ. ಶಾಯಿಯಲ್ಲೇ ಏನೋ ಎಡವಟ್ಟಾಗಿದೆ ಅಂದುಕೊಂಡು ಎಲ್ಲವನ್ನೂ ತಡಕಾಡಿದೆ, ಎಲ್ಲ ಸರಿಯಾಗಿತ್ತು. ನನ್ನ ಕೂಗಿಗೆ ಓಡಿಬಂದ ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಆ ನೀಲಿ ಶಾಯೀಲಿ ಹುಟ್ಟೋದೇ ಇಲ್ಲ, ನೇರಳೆಗೆ ತಿರುಗ್ಬಿಡತ್ತೆ. ಗೊತ್ತಿದ್ದೂ ಬಿಟ್ನಲ್ಲ," ಎಂದಳು.

ಯಜಮಾನರು ಮಾತ್ರ ಜಗ್ಗಲಿಲ್ಲ. "ಮಕ್ಕಳಿಗೆ, ದೊಡ್ಡವರಿಗೆ ಅಂತ ಬರೆದಿದ್ಯಲ್ಲ, ಓದ್ಕೋತಾರೆ. ಓಡ್ಸಪ್ಪ ಮೆಷಿನ್ನು!"

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿ ಬಿಡುವ ಮೊದಲೇ ಅಕ್ಕ ಕತ್ತರಿ ಎತ್ತಿಕೊಂಡಿದ್ದಳು. ಎರಡೂ ಡಬ್ಬಿಗಳನ್ನು ಕತ್ತರಿಸಿ, ಮಡಚಿ, ಯಜಮಾನರ ಮೇಜಿನ ಮೇಲಿಟ್ಟಳು. ಅವರ ಕನ್ನಡಕ ಕೇಳಿ ತೆಗೆದುಕೊಂಡಳು.

"ನಿಮ್ಮ ಮೊಮ್ಮಗೂಗೆ ಮೈ ಸುಡ್ತಿದೆ ಅಂದ್ಕೊಳ್ಳಿ ಸಾರ್, ಒಂದೇ ಸಮ ಅಳ್ತಿದೆ. ಕನ್ನಡಕ ಎಲ್ಲೂ ಸಿಗ್ತಿಲ್ಲ. ಬೇಗ ಔಷಧಿ ಕೊಡಿ."

"ಇದೇನಮ್ಮ ಮಕ್ಕಳಾಟ!" ಯಜಮಾನರು ನಗುತ್ತಲೇ ಒಂದು ಡಬ್ಬಿ ಎತ್ತಿಕೊಂಡರು. ಅಕ್ಕ ಕನ್ನಡಕ ವಾಪಸ್ ಕೊಟ್ಟಳು. ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮುಖದ ಬಣ್ಣ ಇಳಿದುಹೋಯಿತು.

ಅದು ದೊಡ್ಡವರ ಡಬ್ಬಿ.

ನಾನು ಮೆಷಿನ್ನಿನ ಸ್ವಿಚ್ ಆರಿಸಿದೆ. ಯಜಮಾನರು ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಕೈಯಾರೆ ಕುಡಿಸ್ಬಿಡ್ತಿದ್ನಲ್ಲಮ್ಮ," ಎಂದರು.