ಪ್ರಶ್ನೆ ಕಲಿಸಿದ ಅಕ್ಕೋರು

ನಮ್ಮ ಹೈಸ್ಕೂಲಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾಗಿದ್ದ ಹೆಂಗಸು ಅವರೊಬ್ಬರೇ. ಅಷ್ಟು ಎತ್ತರ. ಮಳೆಗಾಲದಲ್ಲಿ ಬಸ್ಸು ಊರೊಳಗೆ ಬರುತ್ತಿರಲಿಲ್ಲ. ಶಹಾಪುರದಿಂದ ಬಂದು ಡಾಂಬರು ರಸ್ತೆಯಲ್ಲೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಕಾಲುವೆಯ ಏರಿಯ ಮೇಲೆ ನಡೆದು ಬರುತ್ತಿದ್ದರು. ಹೊಲದಲ್ಲಿದ್ದವರು ದೂರದಿಂದಲೇ ಗುರುತು ಹಿಡಿದು, “ಅಕ್ಕೋರು ಬರಾಕತ್ಯಾರ, ಹುಡುಗ್ರನ್ನ ಸಾಲಿಗಿ ಕಳಿಸ್ರಿ” ಎಂದು ಕೂಗುತ್ತಿದ್ದರು. ಶಾಲೆಗೆ ಬಂದೊಡನೆ ಬೋರಿನ ಹತ್ತಿರ ನಿಂತು, ಕಾಲಿಗೆ ಮೆತ್ತಿದ ಎರೆಮಣ್ಣನ್ನು ಕಲ್ಲಿಗೆ ತಿಕ್ಕಿ ತೊಳೆಯುತ್ತಿದ್ದರು. ಗಂಟೆ ಹೊಡೆದರೂ ಆ ಕೆಲಸಕ್ಕೆ ಅವಸರವಿರಲಿಲ್ಲ.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುವುದು ರೂಢಿ. ಇವರು ಇಂಗ್ಲಿಷ್ ಅಕ್ಕೋರು, ಸುರಪುರದವರು, ಶಹಾಪುರದಲ್ಲಿ ಕೋಣೆ ಮಾಡಿಕೊಂಡಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಊರ ಹೆಂಗಸರು ಕೇಳಿದರೆ “ಆಗ್ಲಿಲ್ಲ” ಎಂದು ಮಾತು ಮುಗಿಸುತ್ತಿದ್ದರು. ಪ್ರೀತಿ ತೋರಿಸುವ ಸ್ವಭಾವ ಅವರದಲ್ಲ. ಯಾರ ತಲೆಯನ್ನೂ ಸವರಿದ್ದು ನಾನು ನೋಡಲಿಲ್ಲ, ಯಾರನ್ನೂ ಹೊಡೆದದ್ದನ್ನೂ ನೋಡಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಅವರು ಬಹಳ ದಿನ ಪ್ರಶ್ನೆಗಳನ್ನೇ ಕಲಿಸಿದರು. ಉಳಿದ ಪಾಠ ಹಿಂದೆ ಬಿದ್ದರೂ ಚಿಂತೆ ಮಾಡಲಿಲ್ಲ. ನಮ್ಮನ್ನೇ ಶಬ್ದಗಳನ್ನಾಗಿ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದರು. ಒಬ್ಬಳು ‘ವೇರ್’, ಒಬ್ಬಳು ‘ವಿಲ್’, ಒಬ್ಬ ‘ಯು’, ಇನ್ನೊಬ್ಬ ‘ಗೋ’. ನಾವು ಮನೆಯ ಮಾತಿನ ರೂಢಿಯಲ್ಲಿ ‘ಯು’ವನ್ನು ಮುಂದೆ ತಂದು ನಿಲ್ಲಿಸುತ್ತಿದ್ದೆವು. ಅವರು ಅವನ ತೋಳು ಹಿಡಿದು ಹಿಂದಕ್ಕೆ ಸರಿಸುತ್ತಿದ್ದರು.

“ಕನ್ನಡದಾಗ ‘ಎಲ್ಲಿ’, ‘ಯಾಕ’ ಅನ್ನೋದು ನಡುವ ಎಲ್ಲೋ ಕುಂತರೂ ನಡೀತದ. ಇಂಗ್ಲಿಷಿನ್ಯಾಗ ನಡೆಂಗಿಲ್ಲ. ಪ್ರಶ್ನಿ ಶಬ್ದ ಮುಂದ ಬಂದು ನಿಂದ್ರಬೇಕು. ಅದರ ಬೆನ್ನಿಗೆ ಸಹಾಯದ ಶಬ್ದ. ಆಮ್ಯಾಗ ಮಂದಿ, ಆಮ್ಯಾಗ ಕೆಲಸ.”

ಪ್ರತಿ ದಿನ ಪ್ರತಿಯೊಬ್ಬರೂ ಅವರಿಗೆ ಒಂದು ಪ್ರಶ್ನೆ ಕೇಳಲೇಬೇಕಿತ್ತು. “ನಿಮ್ಮ ಹೆಸರೇನು” ಎಂಬಂಥ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. “ಗೊತ್ತಿದ್ದದ್ದು ಎದಕ ಕೇಳ್ತೀ? ಗೊತ್ತಿಲ್ಲದ್ದು ಕೇಳು” ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಕೇಳಿದರೆ, ಅದು ಎಂಥದ್ದೇ ಇರಲಿ, ಉತ್ತರ ಹೇಳುತ್ತಿದ್ದರು.

ಆಗ ಕೃಷ್ಣೆಯ ನೀರು ಕಾಲುವೆಯಲ್ಲಿ ಬರತೊಡಗಿ ಕೆಲವೇ ವರ್ಷಗಳಾಗಿದ್ದವು. ಮೇಲಿನ ಊರುಗಳಲ್ಲಿ ಜೋಳ ಹೋಗಿ ಭತ್ತ ಬಂದಿತ್ತು. ನಮ್ಮೂರು ಕಾಲುವೆಯ ಕಟ್ಟಕಡೆಯದು. ತೂಬು ಕಟ್ಟಿದ್ದರು, ಸಿಮೆಂಟಿನ ಕಲ್ಲು ನೆಟ್ಟು ನಂಬರು ಬರೆದಿದ್ದರು, ನೀರು ಮಾತ್ರ ನಮ್ಮ ತನಕ ಬಂದು ಮುಟ್ಟುತ್ತಿರಲಿಲ್ಲ. ಅಪ್ಪನಿಗೆ ಒಂದು ತುಂಡು ಹೊಲವಿತ್ತು. ಅದು ಒಣಗಿ ಬಿದ್ದಿರುತ್ತಿತ್ತು, ಅವನು ಮೇಲಿನವರ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಿದ್ದ. ನನ್ನನ್ನೂ ಶಾಲೆ ಬಿಡಿಸಿ ನಾಟಿಗೆ ಕರೆದೊಯ್ಯುವ ಮಾತು ಮನೆಯಲ್ಲಿ ನಡೆದಿತ್ತು.

ಆ ವರ್ಷ ಚಳಿಗಾಲದಲ್ಲಿ ಕಾಲುವೆ ನೋಡಲು ಪರದೇಶದ ತಜ್ಞರು ಬಂದರು. ಸ್ವಾಗತಕ್ಕೆಂದು ನಮ್ಮನ್ನು ಏರಿಯ ಮೇಲೆ ಚೆಂಡು ಹೂ ಕೊಟ್ಟು ನಿಲ್ಲಿಸಿದರು. ಬಂದವರಲ್ಲಿ ಹಿರಿಯನಾದ, ಬಿಸಿಲಿಗೆ ಮುಖವೆಲ್ಲ ಕೆಂಪಾಗಿದ್ದ ಒಬ್ಬ ಬಿಳಿಯ ಮನುಷ್ಯ ರೈತರೊಡನೆ ಮಾತಾಡಬೇಕೆಂದ. ಕಾಲುವೆ ಆಫೀಸಿನ ಸಾಹೇಬರು ನಡುವೆ ನಿಂತು ಅತ್ತಿಂದಿತ್ತ ಹೇಳುತ್ತಿದ್ದರು. ನಮ್ಮ ಓಣಿಯ ಮುದುಕರೊಬ್ಬರು ಕೈ ಮುಗಿದು, “ನಮ್ಮ ಕಡಿಗಿ ನೀರ ಬರವಲ್ದುರಿ, ಬಿತ್ತಿದ್ದೆಲ್ಲ ಒಣಗಾಕತ್ಯಾದ” ಎಂದರು.

ಸಾಹೇಬರು ನಗುತ್ತ ತಿರುಗಿ, “ದೇ ಆರ್ ವೆರಿ ಹ್ಯಾಪಿ” ಎಂದರು.

‘ಹ್ಯಾಪಿ’ ನನಗೆ ಗೊತ್ತಿದ್ದ ಶಬ್ದ. ನನ್ನ ಬಾಯಿಂದ ಹೊರಬಿದ್ದದ್ದು ನನಗೇ ಆಮೇಲೆ ಕೇಳಿಸಿತು: “ವೈ ದ ವಾಟರ್ ಈಸ್ ನಾಟ್ ಕಮಿಂಗ್?”

ಸಾಹೇಬರು ಕಣ್ಣು ದೊಡ್ಡದು ಮಾಡಿದರು. ಹಿಂದಿನಿಂದ ಅಕ್ಕೋರ ದನಿ ಬಂತು, ಕ್ಲಾಸಿನಲ್ಲಿ ಇರುತ್ತಿದ್ದ ಹಾಗೆಯೇ.

“ತಪ್ಪದ. ‘ಈಸ್’ ಮುಂದ ತಗೋ. ಇನ್ನೊಮ್ಮಿ ಕೇಳು.”

ನಾನು ಹೂವನ್ನು ಹಿಂಡಿ ಹಿಡಿದು, “ವೈ ಈಸ್ ದ ವಾಟರ್ ನಾಟ್ ಕಮಿಂಗ್?” ಎಂದೆ.

ಬಿಳಿಯ ಮನುಷ್ಯ ಬಾಗಿ, “ವೇರ್?” ಎಂದು ಕೇಳಿದ. ನಾನು ಕೈ ತೋರಿಸಿದೆ. ಊಟಕ್ಕೆ ಹೊತ್ತಾಯಿತೆಂದು ಸಾಹೇಬರು ಎಷ್ಟು ಹೇಳಿದರೂ ಕೇಳದೆ ಅವನು ಏರಿ ಹಿಡಿದು ನಡೆದೇಬಿಟ್ಟ. ನಮ್ಮ ಹೊಲಗಳ ಹತ್ತಿರ ಕಾಲುವೆಯ ತಳ ಬಿರುಕು ಬಿಟ್ಟು, ಅದರೊಳಗೆ ಜಾಲಿ ಗಿಡಗಳು ಮೊಣಕಾಲೆತ್ತರ ಬೆಳೆದಿದ್ದವು. ಅವನು ಅಲ್ಲಿ ಇಳಿದು ನಿಂತು ಬಹಳ ಹೊತ್ತು ಪ್ರಶ್ನೆ ಕೇಳಿದ. ಈ ಸಲ ಅವನ ಪಕ್ಕದಲ್ಲಿ ನಿಂತು ಎರಡೂ ಕಡೆಯ ಮಾತನ್ನು ಇದ್ದ ಹಾಗೆ ಹೇಳಿದವರು ಅಕ್ಕೋರು.

ಅವನ ವರದಿ ಹೋದ ಮೇಲೆ, ಮೇಲಿನ ಊರವರು ಕಾಲುವೆ ಒಡೆದು ಕದ್ದು ನೀರೆಳೆಯಲು ಇಟ್ಟುಕೊಂಡಿದ್ದ ಪೈಪುಗಳನ್ನು ಕಾಲುವೆ ಆಫೀಸಿನವರು ಮುಚ್ಚಿಸಿದರು. ಹಂಗಾಮು ಮುಗಿಯುವ ಮೊದಲು ನಮ್ಮಲ್ಲಿಗೆ ನೀರು ಬಂತು. ಅದರ ಹಿಂದೆಯೇ ಸಾಹೇಬರು ಶಾಲೆಗೆ ಬಂದರು. ಹೆಡ್‌ಮಾಸ್ತರರ ಕೋಣೆಗೆ ಅಕ್ಕೋರ ಜೊತೆ ನನ್ನನ್ನೂ ಕರೆಸಿದರು. ಹುಡುಗಿಗೆ ಇದನ್ನು ಹೇಳಿಕೊಟ್ಟವರು ಯಾರು ಎಂದು ಸಾಹೇಬರು ಜೋರು ಮಾಡಿದಾಗ ಅಕ್ಕೋರು ಎದ್ದು ನಿಂತರು. ಸಾಹೇಬರು ತಲೆಯೆತ್ತಿ ನೋಡಬೇಕಾಯಿತು.

“ಪ್ರಶ್ನಿ ಆಕಿದು. ಜೋಡಣಿ ನಂದು” ಎಂದರು.

ಅಕ್ಕೋರಿಗೆ ವರ್ಗದ ಆರ್ಡರು ಬಂತು, ಗುರುಮಠಕಲ್ ಆಚೆಯ ಒಂದು ಊರಿಗೆ. ಅವರು ಹೊರಟ ದಿನ ಅಪ್ಪ ಡಾಂಬರು ರಸ್ತೆಯ ತನಕ ಹೋದ. ಜೊತೆಗೆ ನಾನೂ ಇದ್ದೆ.

“ನಮ್ಮ ಹುಡುಗಿ ದೆಸಿಂದ ನಿಮಗ ತ್ರಾಸಾತ್ರಿ ಅಕ್ಕೋರ” ಎಂದು ಅಪ್ಪ ತಲೆ ತಗ್ಗಿಸಿದ.

“ಹೊಲಕ್ಕ ನೀರು ಬಂತೇನು?”

“ಬಂತ್ರಿ.”

“ಹಂಗಿದ್ರ ಆಕಿಗಿ ಸಾಲಿ ಬಿಡಿಸಬ್ಯಾಡ್ರಿ.”

ಅಪ್ಪ ಬಿಡಿಸಲಿಲ್ಲ. ಮುಂದಿನ ವರ್ಷಗಳಲ್ಲಿ ನೀರು ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ನಮ್ಮ ಶಾಲೆಗೆ ಬಹಳ ಕಾಲ ಇಂಗ್ಲಿಷಿಗೆ ಯಾರೂ ಬರಲಿಲ್ಲ. ನನ್ನ ಜೊತೆಯವರು ಎಷ್ಟೋ ಜನ ಅದೊಂದೇ ವಿಷಯದಲ್ಲಿ ಫೇಲಾಗಿ ಮನೆಯಲ್ಲಿ ಕುಳಿತರು. ಅದನ್ನೂ ಹೇಳಬೇಕು. ನಾನು ಪಾಸಾಗಿ, ನರ್ಸಿಂಗ್ ಕಲಿತು, ಊರೂರು ತಿರುಗಿ ಕೊನೆಗೆ ಸುರಪುರದ ಆಸ್ಪತ್ರೆಗೆ ಬಂದೆ.

ಅಲ್ಲಿ ಒಂದು ದಿನ ಹೆಂಗಸರ ವಾರ್ಡಿನಲ್ಲಿ, ಮಂಚಕ್ಕಿಂತ ಉದ್ದವಾಗಿ, ಕಾಲು ಮಡಚಿ ಮಲಗಿದ್ದವರನ್ನು ಕಂಡೆ. ಅವರೂ ನನ್ನ ಗುರುತು ಹಿಡಿದರು. ನಿವೃತ್ತಿಯಾಗಿ ತಂಗಿಯ ಮನೆಯಲ್ಲಿದ್ದರಂತೆ. ಹೊಟ್ಟೆಯ ಕ್ಯಾನ್ಸರು, ಕೈಮೀರಿತ್ತು. ತಂಗಿ ನನ್ನನ್ನು ಹೊರಗೆ ಕರೆದು, “ಅಲ್ಸರ್ ಅಂತ ಹೇಳೀವಿ. ನೀ ಏನೂ ಬಾಯಿ ಬಿಡಬ್ಯಾಡವ್ವ” ಎಂದು ಕೈ ಹಿಡಿದುಕೊಂಡರು. ಡಾಕ್ಟರೂ ಅಲ್ಸರ್ ಎಂದೇ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ತಂಗಿ ಊಟ ತರಲು ಹೋದಾಗ ಅಕ್ಕೋರು ನನ್ನನ್ನು ಹತ್ತಿರ ಕರೆದರು.

“ನನಗ ಏನಾಗ್ಯಾದ?”

ನನ್ನ ಕೈಯಲ್ಲಿ ಸಲೈನಿನ ಬಾಟಲಿ ಇತ್ತು. ಅದನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತು ಹೇಳಿದೆ.

“ವಾಸಿ ಆಗ್ತದೇನು?”

“ಇಲ್ರಿ ಅಕ್ಕೋರ.”

ಮಂಚದ ಸರಳು ಹಿಡಿದು ಎದ್ದು ಕುಳಿತರು. ಆಮೇಲೆ, “ಇಲ್ಲೇ ಇರಬೇಕೇನು? ಮನಿಗಿ ಹೋದ್ರ ನೋವಿಗಿ ಯಾರು ಬರ್ತಾರ?” ಎಂದರು.

“ನಾ ಬರ್ತೀನ್ರಿ.”

ಮರುದಿನವೇ ಮನೆಗೆ ಹೋದರು. ತಂಗಿ ನನ್ನೊಡನೆ ಮಾತು ಬಿಟ್ಟರು. ಡಾಕ್ಟರ ಕೈಯಲ್ಲಿ ನಾನು ಬೈಸಿಕೊಂಡೆ. ಆದರೂ ಡ್ಯೂಟಿ ಮುಗಿಸಿ ಇಂಜೆಕ್ಷನ್ ಕೊಡಲು ಹೋಗುತ್ತಿದ್ದೆ. ಅಕ್ಕೋರು ತಮ್ಮ ಸೀರೆಗಳನ್ನು ಯಾರಿಗೆ ಯಾವುದೆಂದು ತಾವೇ ಹೇಳಿದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣನನ್ನು ಕರೆಸಿ, ಬಾಗಿಲು ಮುಚ್ಚಿ ಅರ್ಧ ದಿನ ಮಾತಾಡಿದರು. ಅಣ್ಣ ಕಣ್ಣೊರೆಸುತ್ತ ಹೊರಬಂದದ್ದನ್ನು ನಾನು ಕಂಡೆ. ಅದಾಗಿ ಹೆಚ್ಚು ದಿನ ಅವರು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ತಂಗಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು.

“ನೀ ಹೇಳಿದ್ದು ಚಲೋ ಆತವ್ವ” ಎಂದರು. “ನಾವು ಹೇಳ್ತಿದ್ದಿಲ್ಲ.”

ಕೇಳುವುದನ್ನು ಕಲಿಸಿದವರಿಗೆ ನಾನು ಕೊಡಲಾದದ್ದು ಆ ಒಂದು ಉತ್ತರ. ಈಗಲೂ ವಾರ್ಡಿನಲ್ಲಿ ಯಾರಾದರೂ ತಮಗೆ ಏನಾಗಿದೆ ಎಂದು ಕೇಳಿದರೆ, ನಾನು ಸ್ಟೂಲು ಎಳೆದುಕೊಂಡು ಕೂರುತ್ತೇನೆ.